ಪಾತ್ರೆಯೊಳಗಿಂದ ಒಂದು ಹಾಜರಿ

ಮಾನ್ಯ ತಪಾಸಣಾಧಿಕಾರಿಗಳೇ,

ತಮ್ಮನ್ನು ತರಗತಿಯಿಂದ ಹೊರಹಾಕಿದವನು ನಾನೇ. ಹತ್ತನೇ ತರಗತಿಗೆ ಇತಿಹಾಸದ ಪಾಠ ಮಾಡುತ್ತಿದ್ದಾಗ ಮೂರು ಸಲ ಎಚ್ಚರಿಸಿ, ಆಮೇಲೆ ಗುಂಡಿ ಒತ್ತಿ ತಮ್ಮನ್ನು ಆಚೆ ಕಳಿಸಿದೆ. ಅದಕ್ಕೆ ತಾವು ಕಳಿಸಿದ ಕಾರಣ ಕೇಳುವ ನೋಟಿಸು ಕೈಸೇರಿದೆ. ಆ ಅಪರಾಧಕ್ಕೆ ಯಾವ ಶಿಕ್ಷೆ ಕೊಟ್ಟರೂ ಸರಿಯೇ, ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರೇ ಹೇಳಿಟ್ಟಿದ್ದಾರೆ. ಆದರೆ ಅದೇ ನೋಟಿಸಿನ ಎರಡನೆಯ ಪ್ಯಾರಾದಲ್ಲಿ ತಾವು ನನ್ನ ವಿದ್ಯಾರ್ಥಿನಿಯೊಬ್ಬಳ ಇಡೀ ವರ್ಷದ ಹಾಜರಾತಿಯನ್ನು ಅಳಿಸಿದ್ದೀರಿ. ಹಾಜರಾತಿ ಇಲ್ಲದವಳು ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ ಎಂದೂ ಅಪ್ಪಣೆ ಮಾಡಿದ್ದೀರಿ. ನನ್ನ ಜಗಳ ಇರುವುದು ಅಲ್ಲಿ. ತಮ್ಮ ಕಚೇರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಆದ್ದರಿಂದ ನಾಲ್ಕು ಜನರಿಗೆ ಕೇಳುವ ಹಾಗೆ ಬರೆಯುತ್ತಿದ್ದೇನೆ.

ರೋಗ ಬಂತು, ಶಾಲೆಗೆ ಬೀಗ ಬಿತ್ತು, ಪಾಠವೆಲ್ಲ ಪರದೆಯ ಮೇಲೆ ಎಂದಾಯಿತು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಎಂಬುದು ಸಿಕ್ಕುವುದು ಒಂದೇ ಜಾಗದಲ್ಲಿ. ಅದು ಅಡುಗೆಮನೆಯ ಕಿಟಕಿ. ಅಡುಗೆಮನೆ ನನ್ನ ಅತ್ತೆಯವರ ಸಾಮ್ರಾಜ್ಯ. ಅಲ್ಲಿಗೆ ಅಳಿಯ ಕುರ್ಚಿ ಸಮೇತ ನುಗ್ಗುವುದೆಂದರೆ ಪರರಾಜ್ಯದ ಮೇಲೆ ದಂಡೆತ್ತಿ ಹೋದಂತೆಯೇ. ಬಹಳ ಮಾತುಕತೆಯ ನಂತರ ಒಪ್ಪಂದವಾಯಿತು. ನಾನು ಪಾಠ ಮಾಡುವಾಗ ಅವರು ಒಗ್ಗರಣೆ ಹಾಕುವುದಿಲ್ಲ. ಅವರು ಒಗ್ಗರಣೆ ಹಾಕುವ ಹೊತ್ತಿಗೆ ನಾನು ಪಾಠ ಮುಗಿಸಿರಬೇಕು. ಹೀಗಾಗಿ ನಮ್ಮ ತರಗತಿಯಲ್ಲಿ ಯಾವ ಸಾಮ್ರಾಜ್ಯವೂ ಸಾವಕಾಶವಾಗಿ ಅವನತಿ ಹೊಂದುವಂತಿರಲಿಲ್ಲ. ಬಾಣಲೆ ಕಾಯುವುದರೊಳಗೆ ಎಲ್ಲ ವಂಶಗಳೂ ಮುಗಿಯಬೇಕಿತ್ತು.

ಆಗ ಬಂತು ತಮ್ಮ ಸುತ್ತೋಲೆ. ಪರದೆಯ ಮೇಲೆ ಮುಖ ಕಂಡ ವಿದ್ಯಾರ್ಥಿಗೆ ಮಾತ್ರ ಹಾಜರಿ. ಮೂರು ಸಲ ಹೇಳಿದರೂ ಕ್ಯಾಮೆರಾ ಹಾಕದವರನ್ನು ತರಗತಿಯಿಂದ ಹೊರಗೆ ಕಳಿಸತಕ್ಕದ್ದು. ಆಗಲಿ ಎಂದೆವು. ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟುವ ಸೇವೆಯಲ್ಲಿ ನಾವು ಕೂದಲು ಬೆಳ್ಳಗೆ ಮಾಡಿಕೊಂಡವರು. ಆದರೆ ಮಾನ್ಯರೇ, ಮುಖ ಎಂದರೇನು ಎಂಬುದನ್ನು ಆ ಸುತ್ತೋಲೆ ಬರೆಯುವ ಮುನ್ನ ಯಾರಾದರೂ ಒಬ್ಬ ಮೇಷ್ಟರನ್ನು ಕೇಳಬಾರದಿತ್ತೇ? ನನ್ನ ತರಗತಿಯಲ್ಲಿ ಒಬ್ಬ ಮಹಾನುಭಾವನಿದ್ದಾನೆ. ತಾನು ಗಂಭೀರವಾಗಿ ತಲೆಯಾಡಿಸುವ ಒಂದು ವಿಡಿಯೋ ತೆಗೆದು, ಅದನ್ನೇ ಸುತ್ತಿ ಸುತ್ತಿ ಬರುವ ಹಾಗೆ ಪರದೆಗೆ ಹಾಕಿ, ಮಗ್ಗುಲ ಕೋಣೆಯಲ್ಲಿ ಮಲಗುತ್ತಿದ್ದ. ಎಷ್ಟು ವಿಧೇಯ ತಲೆ ಎಂದು ನಾನೂ ಸಂತೋಷಪಟ್ಟಿದ್ದೆ. ಒಂದು ದಿನ, "ಯಾರಿಗೆ ಏನೂ ಅರ್ಥ ಆಗ್ಲಿಲ್ಲ?" ಎಂದು ಕೇಳಿದಾಗಲೂ ಹೌದು ಹೌದು ಎಂದು ಆಡಿತು ನೋಡಿ, ಆಗ ಗುಟ್ಟು ರಟ್ಟಾಯಿತು. ತಮ್ಮ ಲೆಕ್ಕದಲ್ಲಿ ಆ ತಲೆಯ ಹಾಜರಾತಿ ಪರಿಪೂರ್ಣವಾಗಿದೆ. ಅವನು ಪರೀಕ್ಷೆಗೆ ಕೂರುತ್ತಾನೆ. ಕೂರಲಿ, ನನ್ನ ಹುಡುಗನೇ, ಅಷ್ಟು ಬುದ್ಧಿ ಖರ್ಚು ಮಾಡಿದವನು ಪಾಸಾದರೆ ನನಗೇನೂ ಹೊಟ್ಟೆಯುರಿಯಿಲ್ಲ.

ಈಗ ತಾವು ಅಳಿಸಿದವಳ ಕಥೆಗೆ ಬರುತ್ತೇನೆ. ಅವಳ ತಾಯಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರೆ. ಮನೆಯಲ್ಲಿರುವುದು ಒಂದೇ ಫೋನು, ಅದೂ ಕೀಪ್ಯಾಡ್ ಫೋನು. ಅದಕ್ಕೆ ಕ್ಯಾಮೆರಾ ಇಲ್ಲ, ಪರದೆ ಬೆಂಕಿಪೊಟ್ಟಣದಷ್ಟು. ಶಾಲೆ ಮುಚ್ಚಿದ ಮೊದಲ ವಾರದಲ್ಲೇ ಅವಳು ಫೋನ್ ಮಾಡಿದ್ದಳು.

"ಸರ್, ನನ್ ಫೋನಲ್ಲಿ ಕ್ಲಾಸ್ ಬರಲ್ಲ. ನೀವ್ ಪಾಠ ಮಾಡೋವಾಗ ನಿಮ್ ಫೋನ್ ಪಕ್ಕದಲ್ಲಿ ಇಟ್ಕೊಂಡಿದ್ರೆ ಸಾಕು. ನಾನು ಕೇಳಿಸ್ಕೋತೀನಿ."

ಇಟ್ಟುಕೊಂಡೆ. ನನ್ನ ಮಾತು ಅವಳಿಗೆ ಕೇಳುತ್ತಿತ್ತು, ಅವಳ ಮಾತು ಮಾತ್ರ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಬರುತ್ತಿತ್ತು. ಅದನ್ನು ಸರಿಮಾಡಿದವರು ಅತ್ತೆಯವರು. ಒಂದು ದಿನ ಸುಮ್ಮನೆ ಬಂದು ಫೋನನ್ನು ಎತ್ತಿ ಖಾಲಿ ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸಿ ಹೋದರು. ಧ್ವನಿ ಗಂಟೆ ಹೊಡೆದ ಹಾಗೆ ಬಂತು. ಮಾರನೆಯ ದಿನದಿಂದ ನನ್ನ ಎಡಕ್ಕೆ ಲ್ಯಾಪ್‌ಟಾಪು, ಬಲಕ್ಕೆ ಪಾತ್ರೆ. ತರಗತಿಯ ಮಕ್ಕಳಿಗೆ ಅವಳ ಮುಖ ಕಾಣದು, ಪಾತ್ರೆಯೂ ಕಾಣದು. ಎಲ್ಲಿಂದಲೋ ಮಾತು ಮಾತ್ರ ಮೊಳಗುತ್ತಿತ್ತು. ಅಶರೀರವಾಣಿ ಎಂದು ಹೆಸರಿಟ್ಟರು. ಹಾಜರಿ ಕೂಗಿದಾಗ ಪಾತ್ರೆಯೊಳಗಿಂದ "ಬಂದಿದೀನಿ ಸರ್" ಎಂದು ಕೇಳುತ್ತಿತ್ತು. ನಾನು ಗುರುತು ಹಾಕುತ್ತಿದ್ದೆ. ಪಾತ್ರೆಗೂ ಕ್ಯಾಮೆರಾ ಇರಬೇಕೆಂದು ಸುತ್ತೋಲೆಯಲ್ಲಿ ಎಲ್ಲಿಯೂ ಇರಲಿಲ್ಲ.

ಅವಳು ಕೇಳುತ್ತಿದ್ದಳೋ ಇಲ್ಲವೋ ಎಂಬ ಅನುಮಾನ ತಮಗಿರಬಹುದು. ಒಂದು ದಿನ ನಾನು ದೊಡ್ಡದೊಂದು ದಂಗೆಯ ಪಾಠ ಮಾಡಿದೆ. ಸೈನಿಕರ ಅತೃಪ್ತಿಯಿಂದ ಹಿಡಿದು ಕೊನೆಯ ಸೋಲಿನವರೆಗೆ ಕೈ ಬೀಸಿ, ಗಂಟಲು ಏರಿಸಿ ಮಾಡಿದೆ. ಅತ್ತೆಯವರು ಸೌಟು ಕೆಳಗಿಟ್ಟು ಕೇಳಿದರು. ಕೊನೆಯಲ್ಲಿ ನೋಡಿದರೆ ಲ್ಯಾಪ್‌ಟಾಪಿನ ಮೈಕು ಮೊದಲಿನಿಂದಲೂ ಬಂದ್ ಆಗಿತ್ತು. ಪರದೆಯ ಮೇಲಿದ್ದ ಅಷ್ಟೂ ಮುಖಗಳು ಅವಧಿಯುದ್ದಕ್ಕೂ ನನ್ನನ್ನು ಮೂಕಾಭಿನಯದ ಹಾಗೆ ನೋಡಿದ್ದವು.

"ಯಾಕ್ರೋ, ಕೇಳಿಸ್ತಿಲ್ಲ ಅಂತ ಒಬ್ರಾದ್ರೂ ಹೇಳ್ಬಾರದಾ?" ಎಂದೆ.

"ಚೆನ್ನಾಗ್ ಮಾಡ್ತಿದ್ರಿ ಸರ್," ಎಂದಳು ತರಗತಿಯ ನಾಯಕಿ. "ಮಧ್ಯದಲ್ಲಿ ತೊಂದ್ರೆ ಕೊಡೋದ್ ಬೇಡ ಅಂತ."

ಅಂದು ಪಾಠ ಕೇಳಿದವಳು ಪಾತ್ರೆಯೊಳಗಿನವಳು ಒಬ್ಬಳೇ. ದಂಗೆ ಯಾಕೆ ಸೋತಿತೆಂದು ಮಾರನೆಯ ದಿನ ಉಳಿದವರಿಗೆ ಹೇಳಿದವಳೂ ಅವಳೇ. ತಮ್ಮ ನಿಯಮದ ಪ್ರಕಾರ ಅಂದು ಕಿವಿಗೆ ಏನೂ ಬೀಳದವರೆಲ್ಲ ಹಾಜರು, ಕೇಳಿದವಳೊಬ್ಬಳು ಗೈರು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ ಇರಬೇಕು.

ತಮ್ಮ ಆಗಮನವಾದ ದಿನ ನಾವು ಕೋಟೆಯ ಮುತ್ತಿಗೆಯಲ್ಲಿದ್ದೆವು. ಪರದೆಯ ಮೂಲೆಯಲ್ಲಿ ಒಂದು ಹೊಸ ಕಪ್ಪು ಚೌಕ ಕಾಣಿಸಿಕೊಂಡಿತು. ಅದರ ಕೆಳಗೆ ಬರೆದಿದ್ದ ಹೆಸರು: ಪುಟ್ಟಿ ಟ್ಯಾಬ್. ತಾವು ಮೊಮ್ಮಗಳ ಟ್ಯಾಬಿನಿಂದ ತಪಾಸಣೆಗೆ ದಯಮಾಡಿಸಿದ್ದೀರಿ ಎಂದು ನನಗೆ ಹೇಗೆ ಗೊತ್ತಾಗಬೇಕು? ಯಾವುದೋ ಬೇರೆ ವಿಭಾಗದ ಮಗು ತಪ್ಪಿ ಬಂದಿದೆ ಎಂದುಕೊಂಡು, ಸುತ್ತೋಲೆ ಹೇಳಿದಂತೆ ಎಚ್ಚರಿಸಿದೆ.

"ಪುಟ್ಟೀ, ಕ್ಯಾಮೆರಾ ಹಾಕಮ್ಮ."

ಪುಟ್ಟಿ ಸುಮ್ಮನಿದ್ದಳು. ಪಾಠ ಮುಂದುವರಿಯಿತು. ಶತ್ರುಗಳು ಕೋಟೆಯ ನೀರು ನಿಲ್ಲಿಸಿದ ಮೇಲೆ ಮತ್ತೊಮ್ಮೆ ಹೇಳಿದೆ. "ಪುಟ್ಟೀ, ನಾಚ್ಕೋಬೇಡ, ಇಲ್ಲಿ ಯಾರೂ ಬೈಯಲ್ಲ." ಆಗಲೂ ಸದ್ದಿಲ್ಲ. ಅಷ್ಟರಲ್ಲಿ ಪಾತ್ರೆ ಮಾತಾಡಿತು.

"ಸರ್, ಕೋಟೆ ಬಾಗಿಲು ಅಷ್ಟು ತಿಂಗಳು ಮುಚ್ಚೇ ಇತ್ತಲ್ಲ, ಒಳಗಿದ್ದ ಮಕ್ಕಳಿಗೆ ಆಗ ಯಾರು ಪಾಠ ಹೇಳ್ತಿದ್ರು?"

ನಾನು ಇಷ್ಟು ವರ್ಷ ಆ ಕೋಟೆಯನ್ನು ಮುತ್ತಿಸಿದ್ದೇನೆ, ಬೀಳಿಸಿದ್ದೇನೆ. ಸೈನಿಕರೆಷ್ಟು, ಆನೆಗಳೆಷ್ಟು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಒಳಗೆ ಮಕ್ಕಳಿದ್ದರು ಎಂಬುದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಒಲೆಯ ಕಡೆಯಿಂದ ಅತ್ತೆಯವರ ಉತ್ತರ ಬಂತು.

"ಅಜ್ಜಿಯಂದಿರು ಹೇಳಿರ್ತಾರೆ ಬಿಡಮ್ಮ. ಅದಕ್ಕೇನು ಕೋಟೆ ಬಾಗಿಲು ತೆಗೀಬೇಕಾ?"

ಮಕ್ಕಳೆಲ್ಲ ನಕ್ಕರು. ಮುತ್ತಿಗೆ, ರೋಗ, ಬೀಗ, ಬೇಸರ ಎಲ್ಲ ಮರೆತು ನಕ್ಕರು. ಅಷ್ಟು ತಿಂಗಳಲ್ಲಿ ಅದು ತರಗತಿಯಂತೆ ಅನಿಸಿದ ಮೊದಲ ದಿನ. ಆ ಖುಷಿಯಲ್ಲೇ ನಾನು ಮೂರನೆಯ ಸಲ ಹೇಳಿದೆ. "ನೋಡು ಪುಟ್ಟೀ, ಮುಖ ತೋರಿಸ್ದೇ ಹೋದ್ರೆ ನಾನೂ ಏನೂ ಮಾಡೋಕಾಗಲ್ಲ, ಮೇಲಿನವರ ಆರ್ಡರ್." ಮೇಲಿನವರು ಮಾತಾಡಲಿಲ್ಲ. ಗುಂಡಿ ಒತ್ತಿದೆ.

ಒಂದು ವಾರ ಕಳೆದು ತಮ್ಮ ತಪಾಸಣಾ ವರದಿಯೂ ಅದರ ಜೊತೆಗೇ ಆ ನೋಟಿಸೂ ಬಂದಾಗ ಮುಖ್ಯೋಪಾಧ್ಯಾಯರು ನನಗೆ ಫೋನ್ ಮಾಡಿ, "ಏನ್ರೀ ಮೇಷ್ಟ್ರೇ, ಸಾಹೇಬ್ರನ್ನ ಪುಟ್ಟಿ ಅಂದ್ರಂತೆ?" ಎಂದು ಕೇಳಿದರು. ಅವರ ಧ್ವನಿ ಗಂಭೀರವಾಗಿಯೇ ಇತ್ತು. ಆದರೆ ಮಾತು ಮುಗಿಯುವ ಮೊದಲೇ ಕೆಮ್ಮು ಬಂದಂತಾಗಿ ಫೋನ್ ಇಟ್ಟುಬಿಟ್ಟರು.

ಹಾಜರಾತಿ ಹೋಯಿತೆಂದು ಹುಡುಗಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಫೋನಿನಲ್ಲಿ ಹೇಳುವುದು ಬೇಡವೆಂದು ಅವಳ ಮನೆಗೇ ಹೋದೆ. ಮೂರನೆಯ ಮಹಡಿ, ಕೊನೆಯ ಬಾಗಿಲು. ನಾನು ಮೆಟ್ಟಿಲ ಹತ್ತಿರ ನಿಂತೆ, ಅವಳು ಹೊಸ್ತಿಲ ಒಳಗೆ ನಿಂತಳು, ಇಬ್ಬರ ಮೂಗು ಬಾಯಿಗೂ ಬಟ್ಟೆ. ತಮಾಷೆ ನೋಡಿ, ಎದುರಿಗೆ ನಿಂತರೂ ಅವಳ ಮುಖ ನನಗೆ ಕಾಣಲಿಲ್ಲ. ವಿಷಯ ಹೇಳಿದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಒಂದೇ ಮಾತು ಕೇಳಿದಳು.

"ನಾನ್ ಇದ್ನಲ್ಲ ಸರ್?"

ಇದ್ದೆಯಮ್ಮ ಎಂದೆ. ಆಮೇಲೆ ಅವಳು ಇನ್ನೊಂದು ಸಂಗತಿ ಹೇಳಿದಳು. ಆಸ್ಪತ್ರೆಯಲ್ಲಿ ರೋಗಿಗಳು ಹೆಚ್ಚಾದಾಗ ತಾಯಿ ವಾರಗಟ್ಟಲೆ ಅಲ್ಲೇ ಉಳಿಯಬೇಕಾಗುತ್ತಿತ್ತು. ಇದ್ದ ಒಂದು ಫೋನನ್ನು ಅವರು ತಾವು ಒಯ್ಯದೆ ಮಗಳ ಬಳಿ ಬಿಟ್ಟು ಹೋಗುತ್ತಿದ್ದರು. "ಬೇರೆಯವರ ಫೋನಿಂದ ಯಾವಾಗ್ಲಾದ್ರೂ ಮಾಡ್ತಾರೆ ಸರ್, ಆದ್ರೆ ಕ್ಲಾಸ್ ಟೈಮಲ್ಲಿ ಮಾತ್ರ ಮಾಡಲ್ಲ. ಲೈನ್ ಕಟ್ ಆಗತ್ತೆ ಅಂತ." ಮಗಳು ಹೇಗಿದ್ದಾಳೆ ಎಂದು ಕೇಳಬೇಕಾದ ಹೊತ್ತಿನಲ್ಲಿ ಆ ತಾಯಿ ನನ್ನ ಪಾಠಕ್ಕೆ ದಾರಿ ಬಿಟ್ಟು ಸುಮ್ಮನಿದ್ದರು. ಮೆಟ್ಟಿಲಿಳಿಯುವಾಗ ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ನನ್ನ ಪಾಠಕ್ಕೆ ಅಷ್ಟು ಬೆಲೆ ಕೊಟ್ಟವರು ಈವರೆಗೆ ಯಾರೂ ಇರಲಿಲ್ಲ. ಆ ಸಿಟ್ಟಿನಲ್ಲೇ ಮನೆಗೆ ಬಂದು ತಮ್ಮ ವರದಿಯನ್ನು ಮತ್ತೊಮ್ಮೆ ತೆಗೆದೆ.

ನಾನು ಇತಿಹಾಸದ ಮೇಷ್ಟರು, ಸ್ವಾಮಿ. ಮುಖ ಕಾಣದವರ ಜೊತೆಯಲ್ಲೇ ನನ್ನ ಸಂಸಾರ. ಪಠ್ಯಪುಸ್ತಕದ ರಾಜರುಗಳ ಚಿತ್ರಗಳನ್ನು ಬರೆದ ಕಲಾವಿದರು ಅವರನ್ನು ಕಂಡವರಲ್ಲ; ಮೀಸೆ ತಿರುವಿದ್ದೆಲ್ಲ ಅಂದಾಜಿನ ಮೇಲೆ. ಆದರೂ ಅವರು ಇದ್ದರೆಂದು ಹೇಗೆ ಹೇಳುತ್ತೇವೆ? ಅವರು ಆಡಿದ್ದನ್ನು, ಮಾಡಿದ್ದನ್ನು ಯಾರೋ ಒಬ್ಬರು ಕೇಳಿ, ಕಂಡು ಬರೆದಿಟ್ಟಿರುತ್ತಾರೆ. ಬರೆದವನು ಶತ್ರುಪಕ್ಷದವನಾಗಿದ್ದರಂತೂ ಸಾಕ್ಷ್ಯಕ್ಕೆ ತೂಕ ಹೆಚ್ಚು, ಯಾಕೆಂದರೆ ಹೊಗಳುವ ದರ್ದು ಅವನಿಗಿರುವುದಿಲ್ಲ. ಇದನ್ನು ಎಂಟನೇ ತರಗತಿಯಲ್ಲೇ ಕಲಿಸುತ್ತೇವೆ.

ಆ ದೃಷ್ಟಿಯಿಂದ ತಮ್ಮ ವರದಿ ಒಂದು ಅಮೂಲ್ಯ ಆಕರ. ಮೊದಲ ಸಾಲು: "ತರಗತಿಯಲ್ಲಿ ಖುದ್ದು ಹಾಜರಿದ್ದು ವೀಕ್ಷಿಸಲಾಯಿತು." ಕೆಳಗೆ: "ಮುಖ ಕಾಣದ ವಿದ್ಯಾರ್ಥಿನಿಯೊಬ್ಬಳು, ಕೋಟೆಯ ಒಳಗಿದ್ದ ಮಕ್ಕಳಿಗೆ ಯಾರು ಪಾಠ ಹೇಳುತ್ತಿದ್ದರು ಎಂದು ಪಠ್ಯಕ್ಕೆ ಸಂಬಂಧಿಸದ ಪ್ರಶ್ನೆ ಕೇಳಿದಳು, ಅನಧಿಕೃತ ವಯೋವೃದ್ಧ ಮಹಿಳೆಯೊಬ್ಬರು ಉತ್ತರಿಸಿದರು." ಅತ್ತೆಯವರಿಗೆ ಓದಿ ಹೇಳಿದೆ. ವಯೋವೃದ್ಧ ಎಂಬುದಕ್ಕೆ ಅವರ ಆಕ್ಷೇಪವಿದೆ; ಅದನ್ನು ಅವರೇ ಪ್ರತ್ಯೇಕವಾಗಿ ಬರೆಯುತ್ತಾರಂತೆ. ನನ್ನ ಪ್ರಶ್ನೆ ಬೇರೆ. ಆ ದಿನ ಅವಳು ತರಗತಿಯಲ್ಲಿ ಇರಲಿಲ್ಲವೆಂದಾದರೆ, ಅವಳ ಪ್ರಶ್ನೆ ತಮ್ಮ ಕಿವಿಗೆ ಬಿದ್ದದ್ದು ಹೇಗೆ? ಅದನ್ನು ಕೇಳಿಸಿಕೊಂಡು, ಅರ್ಥ ಕೆಡದ ಹಾಗೆ ಬರೆದು, ಸಹಿ ಹಾಕಿ, ಮೊಹರು ಒತ್ತಿದವರು ತಾವೇ ಅಲ್ಲವೇ? ಅವಳು ಇದ್ದಳೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿಯನ್ನು ನಾನೇ ಹುಡುಕಿ ಹೊರಟಿದ್ದರೂ ತರಲಾಗುತ್ತಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಇನ್ನು ತಮ್ಮ ಹಾಜರಾತಿಯ ವಿಚಾರ. ಅಂದು ಪರದೆಯ ಮೇಲೆ ತಮ್ಮ ಮುಖವೂ ಇರಲಿಲ್ಲ. ಮೂರು ಸಲ ಕರೆದರೂ ಓಗೊಡಲಿಲ್ಲ. ಆ ಹುಡುಗಿಗೆ ಶರೀರವಿಲ್ಲದಿದ್ದರೂ ವಾಣಿಯಿತ್ತು. ತಮಗೆ ಎರಡೂ ಇರಲಿಲ್ಲ. ಆದರೂ ತಾವು ಖುದ್ದು ಹಾಜರಿದ್ದಿರಿ ಎಂದು ಬರೆದಿದ್ದೀರಿ. ನಾನು ನಂಬುತ್ತೇನೆ. ತಾವು ಕೇಳುತ್ತಿದ್ದಿರಿ, ಆದ್ದರಿಂದ ಇದ್ದಿರಿ. ಅದೇ ನಂಬಿಕೆಯನ್ನು ಹದಿನೈದರ ಹುಡುಗಿಯ ಮೇಲೆ ಇಡಲು ತಮಗೇನು ಅಡ್ಡಿ?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಪರೀಕ್ಷೆಯ ಪ್ರವೇಶಪತ್ರಗಳು ಮುಂದಿನ ವಾರ ಹಂಚಿಕೆಯಾಗುತ್ತವೆ. ಅಷ್ಟರೊಳಗೆ ಅವಳ ಹಾಜರಾತಿಯನ್ನು ಮರಳಿ ಬರೆಯಿರಿ. ಅದು ಸಾಧ್ಯವೇ ಇಲ್ಲ, ಮುಖ ಕಂಡರೆ ಮಾತ್ರ ಹಾಜರಿ ಎನ್ನುವುದಾದರೆ, ಅದೇ ಕೈಯಿಂದ ಅಂದಿನ ತಮ್ಮ ಹೆಸರಿನ ಮುಂದೆಯೂ ಗೈರು ಎಂದು ಬರೆದು, ಇಲ್ಲದ ಅಧಿಕಾರಿ ಬರೆದ ಆ ವರದಿಯನ್ನು ಹಿಂತೆಗೆದುಕೊಳ್ಳಿ. ಆಗ ಅವಳ ಹಾಜರಾತಿ ಅಳಿಸಲು ಕಾರಣವೇ ಉಳಿಯುವುದಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಅವಳು ಪರೀಕ್ಷೆಗೆ ಕೂರಬೇಕು.

ತಮ್ಮನ್ನು ಪುಟ್ಟಿ ಎಂದದ್ದಕ್ಕೆ ಕ್ಷಮೆ ಕೇಳುತ್ತೇನೆ. ಬೇಸರವಿಲ್ಲದಿದ್ದರೆ ಮತ್ತೆ ತರಗತಿಗೆ ಬನ್ನಿ. ಕ್ಯಾಮೆರಾ ಹಾಕದಿದ್ದರೂ ನಡೆಯುತ್ತದೆ. ಹಾಜರಿ ಕೂಗಿದಾಗ "ಬಂದಿದೀನಿ ಸರ್" ಎಂದರೆ ಸಾಕು, ನಾನು ಗುರುತು ಹಾಕಿಕೊಳ್ಳುತ್ತೇನೆ.

ಇಂತಿ,
ಒಗ್ಗರಣೆಗೆ ಮುಂಚೆ ಈ ಪತ್ರವನ್ನು ಮುಗಿಸಬೇಕಾಗಿರುವ,
ಅತ್ತೆಯವರ ಅಡುಗೆಮನೆಯ ಬಾಡಿಗೆದಾರ,
ಒಬ್ಬ ಇತಿಹಾಸದ ಮೇಷ್ಟರು