ಓ ಅಂದದ್ದು

ಶಿರಸಿ, ಜೂನ್ ೧೯೬೧

ತೀರ್ಥರೂಪ ಅಪ್ಪನವರಿಗೆ ಚನ್ನಯ್ಯನ ಶರಣು.

ನಿಮ್ಮ ಕಾಗದ ಮುಟ್ಟಿತು. ಧಾರವಾಡದಲ್ಲಿ ಸಿಕ್ಕಿರುವ ಆರ್ಟ್ಸ್ ಸೀಟು ಬಿಡು, ಮನೆಯಲ್ಲೇ ಇದ್ದು ಮ್ಯಾಟ್ರಿಕ್ಕಿಗೆ ಇನ್ನೊಮ್ಮೆ ಕೂತು ಹೆಚ್ಚು ಮಾರ್ಕು ತೆಗೆ, ತೀರಿಹೋದ ಅಣ್ಣ ಓದಬೇಕೆಂದಿದ್ದ ಸೈನ್ಸಿಗೇ ಸೇರು ಎಂದು ಬರೆದಿದ್ದೀರಿ.

ಓದಲಿಕ್ಕೆ ನನಗೆ ಬೇಸರವಿಲ್ಲ. ಆದರೆ ನೀವು ಹಾವೇರಿಯ ಅಂಗಡಿಯಲ್ಲಿರುತ್ತೀರಿ, ಮನೆಯ ಸುದ್ದಿ ನಿಮಗೆ ತಿಳಿಯದು. ಗಟ್ಟಿಯಾಗಿ ಓದಿದರೇ ತಲೆಗೆ ಹತ್ತುತ್ತದೆಂದು ನಮ್ಮಿಬ್ಬರಿಗೂ ಕಲಿಸಿದವರು ನೀವೇ. ಈಗ ನನ್ನ ದನಿ ಒಡೆದು ಥೇಟ್ ಅಣ್ಣನದೇ ಆಗಿದೆ. ಸಂಜೆ ನಾನು ಓದುವಾಗ ಅವ್ವ ಗೋಡೆಯಾಚೆ ಕೂತು ಕೇಳುತ್ತಾಳೆ. ನಿಲ್ಲಿಸಿದರೆ, "ಯಾಕಪಾ ಶಿವಲಿಂಗಾ, ನಿದ್ದಿ ಬಂತೇನು?" ಅನ್ನುತ್ತಾಳೆ. ಅಣ್ಣ ಜ್ವರದಲ್ಲಿ ಹೋದದ್ದು ಅವಳಿಗೆ ಹಗಲು ಮಾತ್ರ ನೆನಪಿರುತ್ತದೆ.

ಹೊತ್ತು ಮುಳುಗಿದ ಮೇಲೆ ಒಂದೇ ಸಲ ಕರೆದರೆ ಓ ಅನ್ನಬಾರದು, ಕರೆಯುವವರು ಸತ್ತವರಿರಬಹುದು ಎಂದು ಅಜ್ಜಿ ಹೇಳುತ್ತಿದ್ದಳು. ಬದುಕಿರುವವರೇ ಸತ್ತವನ ಹೆಸರು ಹಿಡಿದು ಕರೆದರೆ ಏನನ್ನಬೇಕೆಂದು ಹೇಳಿಕೊಡಲಿಲ್ಲ.

ನಾನು ಧಾರವಾಡಕ್ಕೇ ಹೋಗುತ್ತೇನೆ. ನಾನು ಒಯ್ಯಬೇಕಾದ ಟ್ರಂಕಿನ ಕೀಲಿ ನಿಮ್ಮ ಹತ್ತಿರ ಉಳಿದಿದೆ, ತಗೊಂಡು ನೀವೇ ಬರ್ರಿ. ಅವ್ವನ ಜೊತೆ ನಾಲ್ಕು ದಿನ ಇರ್ರಿ.

ನಿನ್ನೆ ಸಂಜೆ ಅವಳು "ಶಿವಲಿಂಗಾ" ಎಂದು ಕರೆದಳು. ನಾನು ಓ ಅಂದೆ. ಖುಷಿಯಿಂದ ಬಡಿಸಿದಳು. ಉಂಡು ಏಳುವಾಗ ಬಾಗಿಲ ಕಡೆ ನೋಡಿ, "ಚನ್ನಯ್ಯ ಇನ್ನೂ ಬರಲಿಲ್ಲಲ್ಲ?" ಎಂದು ಕೇಳಿದಳು.

ನಿಮ್ಮ ಮಗ,
ಚನ್ನಯ್ಯ