ಬೀಗಿತ್ತಿಯ ಎದೆಯ ಸದ್ದು

ಸೆಪ್ಟೆಂಬರ್ 4

ಮೊಸರುಂಡೆ ಕಟ್ಟಿ ಚಾವಣಿಯ ಮೇಲೆ ಒಣಹಾಕಿದೆ. ಏಣಿಯ ನಡುವೆ ನಿಂತು ಉಸಿರು ಎಳೆದುಕೊಳ್ಳಬೇಕಾಯಿತು. ಹೋದ ವರ್ಷ ಹೀಗಿರಲಿಲ್ಲ. ಸೊಸೆ ಅಲ್ತಿನಾಯ್ ಕೆಳಗೆ ಏಣಿ ಹಿಡಿದು ನಿಂತಿದ್ದಳು — ಏಣಿ ಹಿಡಿಯಲೋ, ಬಿದ್ದರೆ ನನ್ನನ್ನು ಹಿಡಿಯಲೋ. ಗದರಿಸಿ ಒಳಗೆ ಕಳಿಸಿದೆ. ನಾಳೆ ರಾಜಧಾನಿ ಬಿಷ್ಕೆಕ್‌ಗೆ ಪ್ರಯಾಣ, ಹೃದಯದ ಪರೀಕ್ಷೆ. ಪ್ರತಿ ವರ್ಷದ್ದೇ...

ಸೆಪ್ಟೆಂಬರ್ 6, ಬಿಷ್ಕೆಕ್

ಪ್ರತಿ ವರ್ಷದ್ದಲ್ಲ. ಹದಿನಾಲ್ಕು ವರ್ಷದ ಹಿಂದೆ ಹಾಕಿದ ಕವಾಟ ಸವೆದಿದೆ. ಮತ್ತೆ ಎದೆ ತೆರೆಯಬೇಕು. ಮಗ ಕಚ್ಕಿನ್ ಡಾಕ್ಟರಿಗೆ, "ಸ್ವಲ್ಪ ಹೊರಗೆ ಬನ್ನಿ, ಅಲ್ಲಿ ಹೇಳಿ" ಎಂದ.

"ಎದೆ ಯಾರದು?" ಎಂದೆ. ಮತ್ತೆ ಕುರ್ಚಿಗೆ ಕೂತ.

ಡಾಕ್ಟರ್ ಚಿಕ್ಕ ವಯಸ್ಸಿನವನು, ಆದರೆ ಕಣ್ಣು ತಪ್ಪಿಸಲಿಲ್ಲ. ಹಳೆಯ ಗಾಯ ಒಳಗೆ ಅಂಟಿಕೊಂಡಿರುತ್ತದೆ, ಈ ಸಲ ಅಪಾಯ ಹೆಚ್ಚು ಎಂದ. ಬಿಟ್ಟರೆ? "ಬಿಟ್ರೆ ಒಂದೆರಡು ಚಳಿಗಾಲ, ಅಪಾ. ಅದೂ ಹಾಸಿಗೆ ಮೇಲೆ." ನನ್ನ ಮಗನ ಹಾಗೆ ಅವನೂ ಅಪಾ, ಅಮ್ಮ, ಎಂದೇ ಕರೆದ.

ನನ್ನೊಳಗೆ ಈಗ ಇರುವುದು ಯಾವುದರ ಕವಾಟ ಎಂದು ಕೇಳಿದೆ. ಇಷ್ಟು ವರ್ಷ ಕೇಳಿರಲಿಲ್ಲ. ಆಗ ಯಜಮಾನರು ಬದುಕಿದ್ದರು, ಮಾತೆಲ್ಲ ಅವರೇ ಆಡಿದ್ದರು. ಹಸುವಿನ ಹೃದಯದ ಸುತ್ತಲಿನ ಪೊರೆಯಿಂದ ಮಾಡಿದ್ದಂತೆ. ಯಾವ ಬಣ್ಣದ ಹಸು? ಡಾಕ್ಟರ್ ನಕ್ಕ. ನಾನು ತಮಾಷೆಗೆ ಕೇಳಿರಲಿಲ್ಲ.

ಈ ಸಲ ನಾನೇ ಆರಿಸಬೇಕು. ಮತ್ತೆ ಹಸುವಿನದಾದರೆ ಎಪ್ಪತ್ತು ದಾಟಿದ ಮೇಲೆ ಮೂರನೆಯ ಸಲ ತೆರೆಯಬೇಕಾಗಬಹುದು. ಲೋಹದ್ದಾದರೆ ಬಹುಶಃ ಇದೇ ಕೊನೆ. ಆದರೆ ರಕ್ತ ತೆಳುಮಾಡುವ ಮಾತ್ರೆ ಸಾಯುವವರೆಗೆ. ತಪ್ಪದೆ ರಕ್ತಪರೀಕ್ಷೆ. ನಮ್ಮೂರಲ್ಲಿ ಅದು ಇಲ್ಲ, ನಾರಿನ್ ಪೇಟೆಗೆ ಇಳಿಯಬೇಕು. ಹಿಮ ಬಿದ್ದರೆ ದಾರಿಯೇ ಮುಚ್ಚುತ್ತದೆ. ಅಂದರೆ ಚಳಿಗಾಲವೆಲ್ಲ ಪೇಟೆಯಲ್ಲಿ, ಇನ್ನೊಬ್ಬರ ಮನೆಯಲ್ಲಿ.

ಸೆಪ್ಟೆಂಬರ್ 15

ಕುರಿಗಳು ಬೇಸಿಗೆಯ ಹುಲ್ಲುಗಾವಲಿನಿಂದ ಇಳಿದು ಬಂದವು. ಒಂದನ್ನು ಕೊಯ್ದರು. ಹೃದಯವನ್ನು ಹಂಡೆಗೆ ಹಾಕಲು ಬಿಡಲಿಲ್ಲ, ಹಲಗೆಯ ಮೇಲಿಟ್ಟು ಸೀಳಿದೆ. ಎಷ್ಟು ಕುರಿ ಕೊಯ್ದ ಮನೆ ಇದು, ಎಷ್ಟು ಹೃದಯ ಬೇಯಿಸಿದ ಕೈ! ಒಂದನ್ನೂ ಒಳಗೆ ನೋಡಿರಲಿಲ್ಲ. ದೊಡ್ಡ ನಾಳದ ಬುಡದಲ್ಲಿ ಮೂರು ತೆಳು ಪೊರೆ, ಅಂಗಿಯ ಜೇಬುಗಳ ಹಾಗೆ. ನಾಳದ ಕಡೆಯಿಂದ ನೀರು ಹೊಯ್ದೆ. ಜೇಬು ತುಂಬಿ ಮುಚ್ಚಿಕೊಂಡವು, ಹನಿ ಇಳಿಯಲಿಲ್ಲ. ಇನ್ನೊಂದು ಕಡೆಯಿಂದ ಹೊಯ್ದರೆ ಸಲೀಸಾಗಿ ಹೋಯಿತು. ಇಷ್ಟೇ. ಇಷ್ಟಕ್ಕೇ ಬದುಕು.

ಕಚ್ಕಿನ್ ಬಾಗಿಲಲ್ಲಿ ನಿಂತು, "ಅಪಾ, ಏನ್ ಮಾಡ್ತಿದೀರಾ?"

"ಓದ್ತಿದೀನಿ. ಬೆಳಕಿಗೆ ಅಡ್ಡ ನಿಲ್ಬೇಡ."

ಅಕ್ಟೋಬರ್ 2

ಡಾಕ್ಟರ್ ಫೋನ್ ಮಾಡಿಸಿದ್ದ. ತಿಂಗಳ ಕೊನೆಗೆ ಜಾಗವಿದೆ, ಯಾವ ಕವಾಟ ಎಂದು ಹೇಳಬೇಕು.

ಅಲ್ತಿನಾಯ್ ಚಹಾ ಸುರಿಯುತ್ತ, ನನ್ನ ಮುಖ ನೋಡದೆ, "ನಮ್ಮಮ್ಮಂಗೆ ಹಾಕಿರೋದು ಲೋಹದ್ದೇ" ಎಂದಳು. ನನಗೆ ಗೊತ್ತಿಲ್ಲವೇ? ಅವಳಮ್ಮ ಕಲಿಪಾ, ನನ್ನ ಬೀಗಿತ್ತಿ, ನಾರಿನ್‌ನಲ್ಲೇ ಇದ್ದಾಳೆ. ಮದುವೆಯ ಔತಣದಲ್ಲಿ ನನ್ನ ತಟ್ಟೆಗೆ ಕುರಿಯ ಸೊಂಟದ ಮೂಳೆ ಬರಬೇಕಿತ್ತು, ವರನ ತಾಯಿಗೆ ಸಲ್ಲುವ ಮರ್ಯಾದೆಯ ಪಾಲು. ಬಂದದ್ದು ಮುಂಗಾಲಿನ ಮೂಳೆ. ಮುಟ್ಟದೆ ಎದ್ದೆ. ಆಮೇಲೆ ಆ ಹೊಸ್ತಿಲು ತುಳಿದಿಲ್ಲ.

ಆದರೆ ಲೋಹ ಎದೆಯೊಳಗೆ ಸದ್ದು ಮಾಡುತ್ತದಂತೆ. ಎಂಥ ಸದ್ದು?

ಅಕ್ಟೋಬರ್ 9, ನಾರಿನ್

ಹೋದೆ. ಬೇರೆ ಕೆಲಸವಿತ್ತು ಎಂದು ಎರಡು ಸುಳ್ಳು ಕಟ್ಟಿಕೊಂಡಿದ್ದೆ, ಬಳಕೆಗೆ ಬರಲಿಲ್ಲ.

"ಬನ್ನಿ ಬೀಗಿತ್ತಿ! ದಾರಿ ತಪ್ಪಿ ಬಂದ್ರಾ?"

"ನಿಮ್ಮೆದೆ ಸದ್ದು ಕೇಳೋಕೆ ಬಂದೆ."

ಬಿದ್ದು ಬಿದ್ದು ನಕ್ಕಳು. "ಹನ್ನೆರಡು ವರ್ಷ ನನ್ನ ಬಾಯಿ ಮಾತು ಬೇಡವಾಗಿತ್ತು, ಈಗ ಎದೆ ಮಾತು ಬೇಕಾ?"

ಮೂಳೆಯ ವಿಷಯ ಅವಳೇ ತೆಗೆದಳು. "ಬಡಿಸಿದವನದೇನೂ ತಪ್ಪಿಲ್ಲ. ನಾನೇ ಹೇಳಿ ಹಾಕಿಸಿದ್ದು. ನಿಶ್ಚಿತಾರ್ಥದ ದಿನ ನನ್ನ ಮಗಳು ಹಿಟ್ಟು ನಾದೋದು ನೋಡಿ, ಕೆಸರು ತುಳಿದ ಹಾಗಿದೆ ಅಂದ್ರಲ್ಲ."

"ಹಾಗೇ ಇತ್ತು."

"ಇತ್ತು. ಆದ್ರೂ ಅನ್ನಬಾರದಿತ್ತು."

ಈಗ ಅಲ್ತಿನಾಯ್ ನಾದಿದ ಹಿಟ್ಟು ನನ್ನದಕ್ಕಿಂತ ಮೆದು. ಇಲ್ಲಿ ಬರೆದೆ, ಹೇಳಲಿಲ್ಲ.

ಆಮೇಲೆ ರೇಡಿಯೋ ನಿಲ್ಲಿಸಿ, ಶಾಲು ಸರಿಸಿದಳು. ಕಿವಿಯಿಟ್ಟೆ. ಬೆಚ್ಚಗಿತ್ತು, ಬ್ರೆಡ್ಡಿನ ವಾಸನೆ. ಮೊದಲು ಏನೂ ಇಲ್ಲ. ಆಮೇಲೆ — ಟಿಕ್. ಚಿಕ್ಕದು. ಯಾರೋ ಸೂಜಿಯ ಡಬ್ಬಿ ಮುಚ್ಚಿದ ಹಾಗೆ, ಮತ್ತೆ ಮತ್ತೆ. ಅವಳು ನಕ್ಕಾಗ ಚುರುಕಾಯಿತು. ಎಷ್ಟು ಹೊತ್ತು ಕೇಳಿದೆನೋ.

"ಬೆಕ್ಕು ಒಂದು ವಾರ ನನ್ನೆದೆ ಮೇಲೆ ಕೂತು ಇಲಿ ಹುಡುಕ್ತು," ಎಂದಳು. ಕೆಟ್ಟದ್ದನ್ನೂ ಮುಚ್ಚಿಡಲಿಲ್ಲ. ಮಾತ್ರೆಯಿಂದ ತೋಳಿಗೆ ಬಂದ ನೀಲಿ ಕಲೆಗಳನ್ನು ತೋರಿಸಿದಳು. ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಎರಡು ದಿನ ಆಸ್ಪತ್ರೆ. ಮನೆಯವರು ಚಾಕು ಕೈಗೆ ಕೊಡುವುದಿಲ್ಲ. "ರಾಣಿ ಥರ ಕೂರ್ತೀನಿ, ಕೈದಿ ಥರ ಒಳಗೊಳಗೇ ಕುದೀತೀನಿ. ಆದ್ರೆ ಏಣಿ ಹತ್ತೀನಿ ನೋಡಿ."

ನಾನು ಹೊರಡುವಾಗ ಅವಳು ನನ್ನ ಚಪ್ಪಲಿಯತ್ತ ನೋಡುತ್ತ, "ಪೂರ್ವದ ಕೋಣೆ ಖಾಲಿ ಇದೆ. ಚಳಿಗಾಲಕ್ಕೆ. ಬೇಕಾದ್ರೆ."

"ಬೇಡ" ಎಂದೆ. ಬಾಯಿಗೆ ಬಂದದ್ದೇ ಅದು.

ಅಕ್ಟೋಬರ್ 10

ಹಸು ಎಂದರೆ ನನ್ನ ಮನೆ, ನನ್ನ ಚಾಕು, ನನ್ನ ಹಂಡೆ. ಆಮೇಲೆ ಎದೆಗೆ ಮತ್ತೆ ಗರಗಸ. ಲೋಹ ಎಂದರೆ ಕಲಿಪಾಳ ಅಡುಗೆಮನೆಯಲ್ಲಿ ಅತಿಥಿ.

ಅಕ್ಟೋಬರ್ 18

ಹಿಮ ಬಿತ್ತು. ಅಂಗಳದ ನಡುವೆಯೇ ಬಕೆಟ್ ಇಳಿಸಿ ನಿಂತೆ. ಅಲ್ತಿನಾಯ್ ಬಂದು ಎತ್ತಿಕೊಂಡಳು. ಈ ಸಲ ಗದರಿಸಲಿಲ್ಲ. ಡಾಕ್ಟರಿಗೆ ಫೋನ್ ಮಾಡಿಸಿದೆ. "ಲೋಹ" ಎಂದೆ. ಕಚ್ಕಿನ್ ಬಾಯಿ ತೆರೆದ. ನೋಡಿದೆ. ಮುಚ್ಚಿದ.

ಅಕ್ಟೋಬರ್ 30, ಬಿಷ್ಕೆಕ್, ಬೆಳಿಗ್ಗೆ

ಎದೆಗೆ ಔಷಧಿ ಬಳಿದಿದ್ದಾರೆ, ಹಳದಿ. ಹೆದರಿಕೆ ಇದೆ. ಅದಕ್ಕಿಂತ ಹೆಚ್ಚು, ತೆಗೆದ ಹಸುವಿನ ತುಂಡನ್ನು ನೋಡುವ ಆಸೆ. ಕೇಳಿದ್ದೇನೆ. ತೋರಿಸುತ್ತೇನೆಂದು ಡಾಕ್ಟರ್ ಮಾತು ಕೊಟ್ಟಿದ್ದಾನೆ.

ಅಲ್ತಿನಾಯ್ ಫೋನ್ ಹಿಡಿದು ಬಂದಳು. "ಅಮ್ಮ ಕೇಳ್ತಿದಾಳೆ, ಹಾಸಿಗೆ ಒಲೆ ಪಕ್ಕ ಹಾಕೋದಾ, ಗೋಡೆ ಪಕ್ಕನಾ ಅಂತ."

ಬರುತ್ತೇನೆಂದು ನಾನು ಯಾರಿಗೂ ಹೇಳಿರಲಿಲ್ಲ.

"ಕಿಟಕಿ ಯಾವ ಕಡೆಗಿದೆ ಅಂತ ಮೊದಲು ಕೇಳು" ಎಂದೆ. ನಮ್ಮೂರ ಬೆಟ್ಟ ಕಾಣುವುದೋ ಇಲ್ಲವೋ. ಗಾಲಿಮಂಚ ಬಾಗಿಲಿಗೆ ಬಂತು. ಪೆನ್ನು ಕೊಡಿ ಎನ್ನುತ್ತಿದ್ದಾಳೆ ನರ್ಸ್. ತಡಿಯಮ್ಮ. ಅಲ್ತಿನಾಯ್ ಕೇಳುತ್ತಿದ್ದಾಳೆ, ತಲೆಯಾಡಿಸುತ್ತಿದ್ದಾಳೆ, ಕಲಿಪಾ ಏನೋ ಉದ್ದಕ್ಕೆ ಹೇಳು—