ಸೇತುವೆಯ ಮೇಲುಗಡೆ ತುಂಬಿದ ಬಾಟಲಿ

ಅಪ್ಪಾ,

ನೀವು ಹೋಗಿ ಎರಡು ವರ್ಷವಾಯಿತು. ಇದನ್ನು ಓದಲಾರಿರಿ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಬೇರೆ ಯಾರಿಗೂ ಹೇಳುವಂತಿಲ್ಲ.

ಬಣ್ಣದ ಕಾರ್ಖಾನೆಯಲ್ಲಿ ನಿಮ್ಮ ಕೆಲಸ ಈಗ ನನ್ನದು. ಕಾವಲುಗಾರ ಮಾಮ ವಾರಕ್ಕೊಮ್ಮೆ ಹೊಳೆಯ ನೀರು ತುಂಬಿ ತರುತ್ತಾರೆ, ನಾನು ಪರೀಕ್ಷಿಸಿ ಸಹಿ ಹಾಕುತ್ತೇನೆ. ಇವತ್ತು ಬೆಳಗ್ಗೆ ಅವರಿಗೆ ಮಂಡಿನೋವು ಹೆಚ್ಚಾಗಿತ್ತು. ಬಾಟಲಿ ಹಿಡಿದು ನಾನೂ ಜೊತೆಗೆ ಹೋದೆ. ಅವರು ಸೇತುವೆಯ ಮೇಲುಗಡೆಗೆ, ಹೊಳೆ ಹರಿದು ಬರುವ ಕಡೆಗೆ ತಿರುಗಿದರು.

"ಮಾಮ, ನಮ್ಮ ಕೊಳೆನೀರು ಬಿಡೋ ಪೈಪು ಇರೋದು ಕೆಳಗಡೆ ಅಲ್ವಾ?"

"ಅಲ್ಲಿನ ನೀರು ಕೊಟ್ರೆ ನಾಳೆನೇ ಕಾರ್ಖಾನೆಗೆ ಬೀಗ! ಮೂವತ್ತು ವರ್ಷದಿಂದ ಇಲ್ಲೇ ತುಂಬೋದು. ಜಾಗ ತೋರಿಸಿದ್ದೇ ನಿಮ್ಮಪ್ಪ. ಇಷ್ಟು ಓದಿದ್ದೀಯ, ಇದು ಗೊತ್ತಿಲ್ವೇನಮ್ಮಾ?" ಎಂದು ನಕ್ಕರು.

ನಾನು ಅಲ್ಲಿ ತುಂಬಲಿಲ್ಲ. ಕೆಳಗಿಳಿದು ಪೈಪಿನ ಹತ್ತಿರವೇ ಬಾಟಲಿ ತುಂಬಿದೆ. ನಂಬಿಕೆ ಬಾರದೆ ಎರಡು ಸಲ ಪರೀಕ್ಷಿಸಿದೆ. ಎರಡು ಸಲವೂ ವಿಷ ಮಿತಿಗಿಂತ ಹನ್ನೊಂದು ಪಟ್ಟು.

ಕಾರ್ಖಾನೆ ದೊಡ್ಡದಾಗುತ್ತಿದೆ, ಅಪ್ಪಾ. ಹೊಸ ಘಟಕದ ಅರ್ಜಿಯ ಜೊತೆ ನನ್ನ ವರದಿ ನಾಳೆ ಹೋಗಬೇಕು. ತಮ್ಮನಿಗೆ ಅಲ್ಲೇ ಕೆಲಸ ಎಂದು ಮಾತಾಗಿದೆ. ಬಾಟಲಿಯಲ್ಲಿ ಕಂಡದ್ದನ್ನೇ ಬರೆದು ಸಹಿ ಹಾಕಿದ್ದೇನೆ. ಅವನಿಗಿನ್ನೂ ಹೇಳಿಲ್ಲ.

ಚಿಕ್ಕವರಿದ್ದಾಗ ನಮ್ಮಿಬ್ಬರನ್ನು ಈಜಲು ಯಾವಾಗಲೂ ಸೇತುವೆಯ ಮೇಲುಗಡೆಗೇ ಕರೆದೊಯ್ಯುತ್ತಿದ್ದಿರಿ. ಕೆಳಗಡೆ ಆಳ ಜಾಸ್ತಿ, ಮುಳುಗಿಹೋಗ್ತೀರ ಎಂದು ಹೆದರಿಸುತ್ತಿದ್ದಿರಿ.

ಇವತ್ತು ಅಲ್ಲಿ ಇಳಿದೆನಲ್ಲ, ನೀರು ನನ್ನ ಮೊಣಕಾಲಿಗೂ ಬರಲಿಲ್ಲ.